ಪೊರೆ ಕಳಚುವ ನಲವತ್ತು ದಿನ: ಇಲ್ಲದ ಯೋಧಕುಲಕ್ಕೊಂದು ಸಂಸ್ಕೃತಿ ಕಟ್ಟುವ ಕೆಲಸ

ಮದ್ದೂರು ತಾಲ್ಲೂಕಿನ ಆತಕೂರಿನ ಒಂದು ಶಾಸನದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕವರ್ಷ 872ರದು, ಕ್ರಿಸ್ತಶಕದ ಲೆಕ್ಕದಲ್ಲಿ 949–50. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನೊಡನೆ ಕಾದಿದ್ದು, ಗಂಗರ ಬೂತುಗ ರಾಜಾದಿತ್ಯನನ್ನು ಕೊಂದದ್ದು, ಬೂತುಗನ ಆಳು ಮಣಲೆರ ಆ ಕಾಳಗದಲ್ಲಿ ಮೆರೆದದ್ದು ಎಲ್ಲ ಅದರಲ್ಲಿದೆ. ಮೆಚ್ಚಿದ ಬೂತುಗ ಏನು ಬೇಕೋ ಕೇಳು ಅಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ಕಾಡುಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ನಾಯಿಯ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಂತಿತು, ಕಲ್ಲಿಗೆ ಭೂಮಿ ಬಿಟ್ಟರು. ಅದರ ಪೂಜೆ ಮಾಡದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಆ ನಾಯಿ ಮಾಡಿದ ಪಾಪ ತಟ್ಟಲಿ ಎಂದೂ ಬರೆಸಿದರು.

ಬೇರೆ ಗ್ರಹದ ಯೋಧಕುಲವೊಂದಕ್ಕೆ ಆಚಾರ, ನಡಾವಳಿ, ನಂಬಿಕೆಗಳನ್ನು ಹೊಸದಾಗಿ ಕಟ್ಟುವುದು ಹೇಗೆ ಎನ್ನುವ ಮಾತನ್ನು ಈ ಕಲ್ಲಿನಿಂದ ಶುರು ಮಾಡಲು ಕಾರಣವಿದೆ. ಕಾಳಗದ ಸಂಗತಿ ಅದರಲ್ಲಿ ಇದೆ, ನಿಜ. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಯಾರು ಏನನ್ನು ಕೇಳಬಹುದಿತ್ತು, ಯಾವ ಭೂಮಿ ಯಾರಿಗೆ, ಕಲ್ಲನ್ನು ದಿನವೂ ನೋಡಿಕೊಳ್ಳುವವರು ಯಾರು, ಅವರ ಊಟ ಎಲ್ಲಿಂದ, ತಪ್ಪಿದರೆ ಏನಾಗುತ್ತದೆ ಎನ್ನುವುದೂ ಇದೆ. ಹೊಸಬರು ಯೋಧಕುಲ ಸೃಷ್ಟಿಸಲು ಕೂತಾಗ ಮೊದಲು ಕತ್ತಿಯ ಚಿತ್ರ ಬರೆಯುತ್ತಾರೆ, ಆಮೇಲೆ ಯುದ್ಧಘೋಷ, ಆಮೇಲೆ ಒಂದು ಕ್ರೂರ ದೇವರು. ಕಾಳಗ ಮುಗಿದ ಮಾರನೆಯ ಬೆಳಗ್ಗೆ ಆ ಜನ ಏನು ಮಾಡುತ್ತಾರೆ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಓದುಗನಿಗೆ ಆ ಕುಲದ ಮೇಲೆ ನಂಬಿಕೆ ಹುಟ್ಟುವುದು ಆ ಬೆಳಗಿನಲ್ಲೇ.

ಈ ಕೆಲಸದ ಅತಿ ಪ್ರಸಿದ್ಧ ಉದಾಹರಣೆ ಬಾಹ್ಯಾಕಾಶದ ಕಥೆಗಳ ಸ್ಟಾರ್ ಟ್ರೆಕ್ ಸರಣಿಯಲ್ಲಿ ಬರುವ ಕ್ಲಿಂಗನ್ನರೆಂಬ ಯೋಧಕುಲ. ಅವರು ತೆರೆಗೆ ಬಂದದ್ದು 1967ರಲ್ಲಿ. ಆಗ ಅವರ ವೇಷ ಮುಖಕ್ಕೆ ಬಳಿದ ಕಂದು ಬಣ್ಣ, ಮೀಸೆ, ಗಡ್ಡ, ಅಷ್ಟೇ. ಹಣೆಯ ಮೇಲಿನ ಮೂಳೆಯ ಏಣುಗಳು ಬಂದದ್ದು 1979ರ ಚಿತ್ರದಲ್ಲಿ. ಅದೇ ಚಿತ್ರಕ್ಕೆ ನಟ ಜೇಮ್ಸ್ ಡೂಹನ್ ಕ್ಲಿಂಗನ್ನರ ಭಾಷೆಯ ಮೊದಲ ಕೆಲವು ಮಾತುಗಳನ್ನು ಹೊಸೆದರು. 1984ರ ಚಿತ್ರದ ಹೊತ್ತಿಗೆ ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್ ಅದನ್ನು ವ್ಯಾಕರಣವುಳ್ಳ ಭಾಷೆಯಾಗಿ ಬೆಳೆಸಿದರು, 1985ರಲ್ಲಿ ನಿಘಂಟು ಬಂತು. ಬಾಗಿದ ಎರಡು ಕೈಯ ಕತ್ತಿಯನ್ನು ಡ್ಯಾನ್ ಕರಿ ವಿನ್ಯಾಸ ಮಾಡಿದರು, ಅದು ಕಾಣಿಸಿಕೊಂಡದ್ದು 1990ರಲ್ಲಿ. ಹಣೆ ಏಕೆ ಬದಲಾಯಿತು ಎನ್ನುವುದಕ್ಕೆ ಕಥೆಯೊಳಗೆ ವಿವರಣೆ ಸಿಕ್ಕಿದ್ದು 2005ರಲ್ಲಿ. ಸುಮಾರು ನಲವತ್ತು ವರ್ಷ, ಹಲವು ಕೈಗಳು, ಒಂದರ ಮೇಲೊಂದು ಪದರ. ಆ ಕುಲ ಇವತ್ತು ಇಷ್ಟು ತುಂಬಿಕೊಂಡು ಕಾಣುವುದು ಈ ಪದರಗಳಿಂದ. ಒಬ್ಬನೇ ಬರಹಗಾರ ಒಂದೇ ಕಾದಂಬರಿಗೆ ಅಷ್ಟು ಪದರ ಬೇಕೆಂದರೆ ಕಾಲದ ಕೆಲಸವನ್ನು ತಾನೇ ಮಾಡಬೇಕು. ಆ ಕೆಲಸಕ್ಕೆ ಒಂದು ಕ್ರಮವಿದೆ. ಒಂದೇ ಉದಾಹರಣೆಯನ್ನು ಬೆಳೆಸುತ್ತ ಅದನ್ನು ನೋಡೋಣ.

ಮೊದಲ ಹೆಜ್ಜೆ, ದೇಹದ ಒಂದು ಸಂಗತಿಯನ್ನು ಆರಿಸಿಕೊಳ್ಳುವುದು. ಒಂದೇ ಸಾಕು. ನಾಲ್ಕು ಕೈ, ಎರಡು ಹೃದಯ, ಕತ್ತಲಲ್ಲಿ ಕಾಣುವ ಕಣ್ಣು, ಉಗುಳಿನಲ್ಲಿ ವಿಷ ಎಂದು ಪೇರಿಸಿದರೆ ಯಾವುದರ ಪರಿಣಾಮವನ್ನೂ ಕೊನೆಯವರೆಗೆ ಎಳೆಯಲಾಗುವುದಿಲ್ಲ. ಆ ಸಂಗತಿ ಬಲದ್ದಾಗಿರುವುದಕ್ಕಿಂತ ದೌರ್ಬಲ್ಯದ್ದಾಗಿದ್ದರೆ ಒಳ್ಳೆಯದು. ದೇಹ ತಾನಾಗಿ ನಿಭಾಯಿಸುವುದಕ್ಕೆ ಆಚಾರ ಬೇಕಿಲ್ಲ. ದೇಹದ ಕೈಯಲ್ಲಿ ಆಗದ್ದನ್ನು ಹತ್ತು ಜನ ಸೇರಿ ಮಾಡಬೇಕಾದಾಗ ಆಚಾರ ಹುಟ್ಟುತ್ತದೆ.

ನಮ್ಮ ಕುಲಕ್ಕೆ ಏಡಿಯ ಹಾಗೆ ಹೊರಚಿಪ್ಪು ಇರಲಿ. ಚಿಪ್ಪು ಬೆಳೆಯುವುದಿಲ್ಲ, ಒಳಗಿನ ಮೈ ಬೆಳೆಯುತ್ತದೆ. ಹಾಗಾಗಿ ಆಗಾಗ ಪೊರೆ ಕಳಚಲೇಬೇಕು. ಏಡಿ ಹಳೆಯ ಚಿಪ್ಪಿನಡಿ ಮೆತ್ತನೆಯ ಹೊಸ ಚಿಪ್ಪು ಬೆಳೆಸಿಕೊಂಡು, ಹಳೆಯದನ್ನು ಒಡೆದು ಹೊರಬಂದು, ನೀರು ಹೀರಿ ಉಬ್ಬುತ್ತದೆ. ಆಮೇಲೆ ಹೊಸದು ಗಟ್ಟಿಯಾಗುತ್ತದೆ. ಕಳಚಿದ ಚಿಪ್ಪನ್ನು ಎಷ್ಟೋ ಏಡಿಗಳು ತಿಂದುಬಿಡುತ್ತವೆ, ಏಕೆಂದರೆ ಅದರಲ್ಲಿರುವ ಕ್ಯಾಲ್ಸಿಯಂ ಮತ್ತೆ ಬೇಕು. ನೆಲದ ಮೇಲೆ ಬದುಕುವ ಅತಿ ದೊಡ್ಡ ಸಂಧಿಪದಿಯಾದ (ಕೀಲುಗಾಲಿನ ಪ್ರಾಣಿಯಾದ) ತೆಂಗಿನ ಏಡಿ ನಾಲ್ಕು ಕಿಲೋದಷ್ಟು ತೂಗುತ್ತದೆ. ಅದು ಬಿಲದಲ್ಲಿ ಅಡಗಿ ಸುಮಾರು ಒಂದು ತಿಂಗಳು ಕಳೆದು ಗಟ್ಟಿಯಾಗಿ ಹೊರಬರುತ್ತದೆ. ನಮ್ಮ ಯೋಧ 70 ಕಿಲೋ ತೂಗುತ್ತಾನೆ ಎಂದಿಟ್ಟುಕೊಳ್ಳಿ. ಆರು ವರ್ಷಕ್ಕೊಮ್ಮೆ ಪೊರೆ, ಕಳಚಿದ ಮೇಲೆ ನಲವತ್ತು ದಿನ ಮೆತ್ತಗೆ.

ಇಲ್ಲೇ ಚುರುಕು ಓದುಗ ಕೈ ಎತ್ತುತ್ತಾನೆ: ಎಪ್ಪತ್ತು ಕಿಲೋದ ಪ್ರಾಣಿ ಚಿಪ್ಪಿಲ್ಲದೆ ನೆಲದ ಮೇಲೆ ಬಿದ್ದರೆ ತನ್ನ ಭಾರಕ್ಕೇ ಜಜ್ಜಿಹೋಗುವುದಿಲ್ಲವೇ? ಹೋಗುತ್ತದೆ. ಅದನ್ನು ಮುಚ್ಚಿಡಬೇಡಿ. ನೀರು ಭಾರವನ್ನು ಹೊರುತ್ತದೆ, ಹಾಗಾಗಿ ಇವರು ಪೊರೆ ಕಳಚುವುದು ನೀರಿನಲ್ಲಿ. ಊರಿಗೊಂದು ಮಡು. ಈ ಒಂದು ಆಕ್ಷೇಪ ನಮಗೆ ಕೊಟ್ಟದ್ದನ್ನು ನೋಡಿ: ಊರು ಎಲ್ಲಿ ಹುಟ್ಟುತ್ತದೆ ಎನ್ನುವುದು ಗೊತ್ತಾಯಿತು, ಯುದ್ಧ ಯಾವುದಕ್ಕೆ ನಡೆಯುತ್ತದೆ ಎನ್ನುವುದು ಗೊತ್ತಾಯಿತು, ಎಲ್ಲಕ್ಕಿಂತ ದೊಡ್ಡ ಪಾಪ ಯಾವುದು ಎನ್ನುವುದೂ ಗೊತ್ತಾಯಿತು. ಮಡುವಿಗೆ ವಿಷ ಹಾಕುವುದು.

ಎರಡನೆಯ ಹೆಜ್ಜೆ ಲೆಕ್ಕ. ಆರು ವರ್ಷವೆಂದರೆ 2,190 ದಿನ. ಅದರಲ್ಲಿ 40 ದಿನ ಮೆತ್ತಗಿದ್ದರೆ ನೂರಕ್ಕೆ ಎರಡಕ್ಕಿಂತ ತುಸು ಕಡಿಮೆ. ಸಾವಿರ ಜನರ ಊರಿನಲ್ಲಿ ಯಾವಾಗ ನೋಡಿದರೂ ಸುಮಾರು 18 ಜನ ಮಡುವಿನಲ್ಲಿ ಇರುತ್ತಾರೆ. ಒಬ್ಬೊಬ್ಬರಿಗೆ ಇಬ್ಬರು ಕಾವಲು, ದಿನಕ್ಕೆ ಮೂರು ಪಾಳಿ ಎಂದರೆ ತಲಾ ಆರು ಜನ. ಒಟ್ಟು 108. ಊರಿನ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಸದಾ ಕಾವಲಿನ ಪಾಳಿಯಲ್ಲೇ ಇದ್ದಾರೆ. ಹಾಗಾದರೆ ಈ ಕುಲದ ಯೋಧ ಹೊಡೆದಾಡುತ್ತ ಕಳೆಯುವುದಕ್ಕಿಂತ ಹೆಚ್ಚು ದಿನಗಳನ್ನು ಕಾವಲಿನಲ್ಲಿ ಎಚ್ಚರವಾಗಿದ್ದು ಕಳೆಯುತ್ತಾನೆ. ಇವರ ಭಾಷೆಯಲ್ಲಿ ಶೂರ ಎನ್ನುವುದಕ್ಕೆ ಇರುವ ಮಾತಿನ ಅರ್ಥ 'ನಿದ್ದೆಗೆಟ್ಟವನು' ಎಂದಾದರೆ ಅದು ನಿಮ್ಮ ಕಲ್ಪನೆಯ ಚಮತ್ಕಾರ ಅಲ್ಲ, ಲೆಕ್ಕದಿಂದ ಬಂದ ಮಾತು.

ಲೆಕ್ಕ ಮುಂದುವರಿಸಿ. ಎಲ್ಲರೂ ಒಂದೇ ಋತುವಿನಲ್ಲಿ ಪೊರೆ ಕಳಚಿದರೆ ಕಾಯುವವರೇ ಇರುವುದಿಲ್ಲ, ಹಾಗಾಗಿ ಸರದಿ ಬೇಕು. ಸರದಿ ಬೇಕಾದರೆ ಪಟ್ಟಿ ಬೇಕು. ಪಟ್ಟಿ ಶತ್ರುವಿನ ಕೈಗೆ ಸಿಕ್ಕರೆ ನಾಯಕ ಯಾವ ವಾರ ಮೆತ್ತಗಿರುತ್ತಾನೆ ಎನ್ನುವುದು ಅವನಿಗೆ ಗೊತ್ತಾಗುತ್ತದೆ. ಆದ್ದರಿಂದ ಪಟ್ಟಿ ಬರೆದಿಡುವುದಿಲ್ಲ. ಒಬ್ಬಳು ಅದನ್ನು ಬಾಯಿಪಾಠ ಇಟ್ಟುಕೊಂಡಿರುತ್ತಾಳೆ, ಅವಳು ಊರು ಬಿಟ್ಟು ಹೊರಗೆ ಹೋಗುವಂತಿಲ್ಲ. ಸೇನಾಪತಿ ದಂಡು ಕಟ್ಟುವ ಮೊದಲು ಅವಳ ಮನೆಬಾಗಿಲಿಗೆ ಹೋಗಿ ನಿಲ್ಲಬೇಕು. ಈ ಕುಲದಲ್ಲಿ 'ನಿನ್ನ ದಿನ ನನಗೆ ಗೊತ್ತು' ಎನ್ನುವುದಕ್ಕಿಂತ ದೊಡ್ಡ ಬೆದರಿಕೆ ಇಲ್ಲ. ಗಂಡ ಹೆಂಡತಿಗೆ ತನ್ನ ದಿನ ಹೇಳಿದ ಎಂದರೆ ಮದುವೆ ಆಯಿತು ಎಂದೇ ಅರ್ಥ, ಬೇರೆ ಶಾಸ್ತ್ರ ಬೇಕಿಲ್ಲ.

ಮೂರನೆಯ ಹೆಜ್ಜೆ ಆಚರಣೆ. ಹೊಸ ಆಚರಣೆ ಕಟ್ಟುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇಷ್ಟು: ಯಾವ ವಸ್ತು ಕೈ ಬದಲಾಗುತ್ತದೆ, ಕೊಡುವವನಿಗೆ ಅದರಿಂದ ನಿಜವಾಗಿ ಏನು ಕಡಿಮೆಯಾಗುತ್ತದೆ, ನೋಡುವವರು ಯಾರು, ಮುಂದೆ ಅದರ ಗುರುತು ಎಲ್ಲಿ ಉಳಿಯುತ್ತದೆ. ಪಂಜು, ತಮಟೆ, ರಕ್ತದ ಬಟ್ಟಲು ಎಲ್ಲ ಆಮೇಲೆ.

ಕಾವಲು ಕೂತವನಿಗೆ ಪೊರೆ ಕಳಚಿದವನು ಏನು ಕೊಡಬೇಕು? ತನ್ನ ಹಳೆಯ ಚಿಪ್ಪಿನ ಒಂದು ತುಂಡು. ಕಳಚಿದ ಚಿಪ್ಪನ್ನು ಅವನು ತಾನೇ ತಿನ್ನಬೇಕು, ಇಲ್ಲದಿದ್ದರೆ ಹೊಸದು ತೆಳುವಾಗುತ್ತದೆ. ಕೊಟ್ಟ ತುಂಡಿನಷ್ಟು ಅವನ ಹೊಸ ಮೈ ಬಡವಾಗುತ್ತದೆ. ಇನ್ನು ತೂಕ ಹಾಕಿ. ಇಡೀ ಚಿಪ್ಪು 8 ಕಿಲೋ, ಅಂಗೈಯಗಲದ ತುಂಡು 200 ಗ್ರಾಂ. ಆರು ಕಾವಲುಗಾರರಿಗೂ ಒಂದೊಂದು ಕೊಟ್ಟರೆ 1,200 ಗ್ರಾಂ, ಅಂದರೆ ನೂರಕ್ಕೆ ಹದಿನೈದು. ಅಷ್ಟು ಕಳೆದುಕೊಂಡವನು ಮುಂದಿನ ಕಾಳಗದಲ್ಲಿ ಉಳಿಯುವುದಿಲ್ಲ. ಮೊದಲ ಕರಡಿನಲ್ಲಿ ಬಹಳ ಜನ ಇಲ್ಲೇ ಎಡವುತ್ತಾರೆ. ಆಚರಣೆ ಚೆನ್ನಾಗಿ ಕಾಣುತ್ತದೆ, ಎರಡು ತಲೆಮಾರು ಅದನ್ನು ಪಾಲಿಸಿದರೆ ಕುಲವೇ ಇರುವುದಿಲ್ಲ. ಹಾಗಾಗಿ ನಿಯಮ ತಿದ್ದೋಣ: ತುಂಡು ಒಬ್ಬನಿಗೇ. ಆರು ಜನರಲ್ಲಿ ಅತಿ ಕಷ್ಟದ ರಾತ್ರಿ ಕಾದವನಿಗೆ. ಯಾವ ರಾತ್ರಿ ಅತಿ ಕಷ್ಟದ್ದು ಎಂದು ತೀರ್ಮಾನಿಸುವವರು ಯಾರು? ನೀರಿನೊಳಗಿದ್ದವನಿಗೆ ಏನೂ ಕಂಡಿಲ್ಲ. ಉಳಿದ ಐವರು ಹೇಳಬೇಕು. ಐವರು ತಮಗೆ ಬರಬಹುದಾಗಿದ್ದ ಗೌರವವನ್ನು ಬಾಯಿಬಿಟ್ಟು ಆರನೆಯವನಿಗೆ ಒಪ್ಪಿಸುವ ಆ ಗಳಿಗೆಯೇ ಈ ಆಚರಣೆಯ ನಡುಮಧ್ಯ. ಲೆಕ್ಕ ತಪ್ಪಿದ್ದರಿಂದಲೇ ಅದು ಸಿಕ್ಕಿತು.

ತುಂಡನ್ನು ಎಲ್ಲಿಂದ ಮುರಿಯಬೇಕು? ಬೆಟ್ಟದ ಊರುಗಳಲ್ಲಿ ಹೆಗಲಿನಿಂದ, ಹೊಳೆಯ ಊರುಗಳಲ್ಲಿ ಎದೆಯಿಂದ. ಹೆಗಲಿನ ಚಿಪ್ಪು ದಪ್ಪ, ಕೊಟ್ಟರೂ ಅಪಾಯ ಕಡಿಮೆ. ಎದೆಯವರು ಹೆಗಲಿನವರನ್ನು ಜಿಪುಣರೆನ್ನುತ್ತಾರೆ, ಹೆಗಲಿನವರು ಎದೆಯವರನ್ನು ಜಂಬದವರೆನ್ನುತ್ತಾರೆ. ಒಂದೇ ಕುಲದೊಳಗೆ ಇಂಥ ಒಂದು ಭಿನ್ನಾಭಿಪ್ರಾಯ ಇಡದಿದ್ದರೆ ಇಡೀ ಗ್ರಹ ಒಂದೇ ಊರಿನ ಹಾಗೆ ಕಾಣುತ್ತದೆ. ನಮ್ಮಲ್ಲಿ ಎರಡು ಜಿಲ್ಲೆ ದಾಟಿದರೆ ಮದುವೆಯ ಶಾಸ್ತ್ರ ಬೇರೆ, ಸಾರಿನ ರುಚಿ ಬೇರೆ. ಒಂದು ಗ್ರಹದಲ್ಲಿ ಎಲ್ಲರೂ ಒಂದೇ ಹಾಡು ಹಾಡುತ್ತಾರೆ ಎಂದರೆ ನಂಬುವುದು ಹೇಗೆ?

ಇನ್ನೊಂದು ದಾರಿಯೂ ತೆರೆಯಿತು. ಚಿಪ್ಪಿಗೆ ಬೇಕಾದ ಖನಿಜವನ್ನು ಹೊರಗಿನಿಂದ ತಿನ್ನಲೂ ಬಹುದು. ನಮ್ಮ ಕರಾವಳಿಯಲ್ಲಿ ಕಪ್ಪೆಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಅಂಥ ಒಂದು ಕಸುಬು ಅಲ್ಲೂ ಇರಬೇಕು. ಸುಣ್ಣ ಮಾಡುವವರು ಹೊಡೆದಾಡುವುದಿಲ್ಲ, ಆದರೆ ಅವರಿಲ್ಲದೆ ಯಾವ ಯೋಧನೂ ಗಟ್ಟಿಯಾಗುವುದಿಲ್ಲ. ದುಡ್ಡಿದ್ದವನು ಸುಣ್ಣ ಕೊಂಡು ತಿಂದು ತನ್ನ ತೆಳುಭಾಗವನ್ನು ತುಂಬಿಸಿಕೊಳ್ಳುತ್ತಾನೆ, ಹಾಗಾಗಿ ಅವನ ಹೆಗಲ ಮೇಲೆ ಕಲೆ ಇಲ್ಲ. ಬಡವನ ಮೈಮೇಲೆ ಅವನು ತೀರಿಸಿದ ಋಣವೆಲ್ಲ ಕಾಣುತ್ತದೆ. ಹಳಬರು ಕಲೆ ನೋಡಿ ಗೌರವ ಕೊಡುತ್ತಾರೆ, ಪೇಟೆಯ ಹುಡುಗರು ನಯವಾದ ಚಿಪ್ಪನ್ನು ಮೆಚ್ಚುತ್ತಾರೆ. ಕಾದಂಬರಿಗೆ ಬೇಕಾದ ಜಗಳ ಇಲ್ಲಿದೆ, ಅದಕ್ಕೆ ಖಳನಾಯಕ ಬೇಕಿಲ್ಲ.

ಕ್ಲಿಂಗನ್ನರಲ್ಲಿ ನಮಗೆ ಬಹುಕಾಲ ಕೊರತೆಯಾಗಿ ಕಂಡದ್ದು ಇದೇ. ತೆರೆಯ ಮೇಲೆ ಬಂದವರೆಲ್ಲ ಹೆಚ್ಚುಕಡಿಮೆ ಯೋಧರೇ. ಅವರ ಹಡಗು ಕಟ್ಟಿದವರು, ಊಟ ಬೆಳೆದವರು ಎಲ್ಲೋ ಮರೆಯಲ್ಲಿದ್ದರು. ಭೂಮಿಯ ಮೇಲೆ ಹಾಗೆ ಎಂದೂ ಆಗಿಲ್ಲ. ಜಪಾನಿನ ಸಮುರಾಯಿಗಳ ಯೋಗ್ಯತೆಯನ್ನು ಅಳೆಯುತ್ತಿದ್ದದ್ದು ಅಕ್ಕಿಯಲ್ಲಿ. ಒಂದು ಕೊಕು ಎಂದರೆ ಸುಮಾರು 150 ಕಿಲೋ, ಒಬ್ಬ ಮನುಷ್ಯನ ವರ್ಷದ ಅನ್ನ. ಹತ್ತು ಸಾವಿರ ಕೊಕು ಇದ್ದವನು ದೈಮ್ಯೊ, ಅಂದರೆ ಪ್ರಾಂತದ ಒಡೆಯ. ಪ್ರಾಚೀನ ಗ್ರೀಸಿನ ಸ್ಪಾರ್ಟಾದಲ್ಲಿ ಪ್ರತಿಯೊಬ್ಬ ಪೌರನೂ ಸಾಮೂಹಿಕ ಊಟದ ಮನೆಗೆ ತನ್ನ ಪಾಲಿನ ಧಾನ್ಯ ಕೊಡಬೇಕಿತ್ತು, ಬೆಳೆಯುತ್ತಿದ್ದವರು ಹೆಲಟರೆಂಬ ಜೀತದವರು. ಭೂಮಿ ಕೆಲವರ ಕೈಸೇರುತ್ತ ಹೋದಂತೆ ಪಾಲು ಕೊಡಲಾಗದವರು ಪೌರತ್ವ ಕಳೆದುಕೊಂಡರು. ಕ್ರಿ.ಪೂ. 480ರ ಹೊತ್ತಿಗೆ ಸ್ಪಾರ್ಟಾದಲ್ಲಿ ಎಂಟು ಸಾವಿರ ಯೋಧರಿದ್ದರೆಂದು ಹೆರೊಡೊಟಸ್ ಬರೆದಿದ್ದಾನೆ. ಅರಿಸ್ಟಾಟಲ್ ಬರೆಯುವ ಹೊತ್ತಿಗೆ ಆ ಸಂಖ್ಯೆ ಸಾವಿರಕ್ಕಿಂತಲೂ ಕೆಳಗೆ ಇಳಿದಿತ್ತು. ಕತ್ತಿಗಿಂತ ಊಟದ ಲೆಕ್ಕ ಆ ಕುಲವನ್ನು ಹೆಚ್ಚು ಕರಗಿಸಿತು.

ಹಾಗೆಯೇ ದ್ವಂದ್ವಯುದ್ಧದ ಲೆಕ್ಕ. 'ಹದಿನೆಂಟು ತುಂಬಿದ ಪ್ರತಿಯೊಬ್ಬನೂ ಸಾಯುವವರೆಗೆ ಕಾದಬೇಕು' ಎಂದು ಒಂದೇ ಸಾಲಿನಲ್ಲಿ ಬರೆದುಬಿಡುವವರಿದ್ದಾರೆ. ಗಂಡುಹೆಣ್ಣು ಎಲ್ಲರಿಗೂ ಈ ನಿಯಮ ಎಂದರೆ ಅರ್ಧ ಜನ ಅಲ್ಲೇ ಹೋದರು. ಕುಲ ಕುಗ್ಗದಿರಬೇಕಾದರೆ ಉಳಿದ ಪ್ರತಿ ತಾಯಿಯೂ ಹದಿನೆಂಟು ಮುಟ್ಟುವ ನಾಲ್ಕು ಮಕ್ಕಳನ್ನು ಹೆರಬೇಕು. ಗಂಡಸರಿಗೆ ಮಾತ್ರ ಎಂದರೆ ಇಬ್ಬರು ಹೆಂಗಸರಿಗೆ ಒಬ್ಬ ಗಂಡಸು. ಆಗ ಮದುವೆ, ಆಸ್ತಿ, ಮನೆಯ ಯಜಮಾನಿಕೆ ಎಲ್ಲ ಬದಲಾಗಬೇಕು, ಬದಲಾಗಿದ್ದನ್ನು ನೀವು ತೋರಿಸಬೇಕು. ವರ್ಷಕ್ಕೆ ನೂರಕ್ಕೆ ಹತ್ತು ಜನ ಸಾಯುತ್ತಾರೆ ಎಂದಿಟ್ಟರೂ ನೂರು ಹುಡುಗರಲ್ಲಿ ಇಪ್ಪತ್ತೈದು ವಯಸ್ಸು ಮುಟ್ಟುವವರು 48, ಮೂವತ್ತೆಂಟು ಮುಟ್ಟುವವರು 12. ಕತ್ತಿ ತಿರುವಲು ಕಲಿಸುವ ಗುರುಗಳು ಎಲ್ಲಿಂದ ಬಂದರು?

ಆದ್ದರಿಂದ ಕಾಳಗಕ್ಕೆ ನಿಲುಗಡೆ ಬೇಕು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವನ್ನು ನೆನೆಯಿರಿ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಹಲ್ಲುಹಲ್ಲಾದ ಆಯುಧ ತೊಟ್ಟು ಕಣಕ್ಕಿಳಿಯುತ್ತಾರೆ. ತಲೆಯಿಂದ ಮೊದಲ ಹನಿ ರಕ್ತ ಕಂಡ ಕೂಡಲೇ ಕಾಳಗ ಮುಗಿಯಿತು, ರಾಜವಂಶಸ್ಥರ ವಿಜಯಯಾತ್ರೆ ಹೊರಡುತ್ತದೆ. ತಲೆ ಏಕೆ ಬೋಳು ಎಂದು ಯೋಚಿಸಿದರೆ ವಿನ್ಯಾಸದ ಪಾಠ ಸಿಗುತ್ತದೆ: ಕೂದಲಿಲ್ಲದ ತಲೆಯ ಮೇಲೆ ಒಂದೇ ಹನಿಯಾದರೂ ದೂರದಲ್ಲಿ ಕೂತವರಿಗೆ ಕಾಣುತ್ತದೆ. ನಿಲುಗಡೆಯ ಗುರುತು ಕಾಣುವಂತಿರಬೇಕು, ವಾದಕ್ಕೆ ಎಡೆ ಕೊಡಬಾರದು. ನಮ್ಮ ಚಿಪ್ಪಿನವರಲ್ಲಿ ಅದು ಸದ್ದಾಗಿರಲಿ. ಚಿಪ್ಪು ಬಿರಿದ ಸದ್ದು ಕೇಳಿದರೆ ಸಾಕು, ಇಬ್ಬರೂ ಕೈ ಕೆಳಗಿಡಬೇಕು. ಸದ್ದಾದ ಮೇಲೂ ಹೊಡೆದವನನ್ನು 'ಕಿವುಡ' ಎನ್ನುತ್ತಾರೆ. ಅವನ ಪೊರೆಗೆ ಕಾವಲು ಕೂರುವವರಿಲ್ಲ. ಗಲ್ಲು, ಗಡೀಪಾರು ಏನೂ ಬೇಡ, ಆರು ವರ್ಷದೊಳಗೆ ಅವನು ಒಬ್ಬನೇ ನೀರಿಗಿಳಿಯಬೇಕು. ಶಿಕ್ಷೆ ದೇಹದ ಆ ಒಂದು ಸಂಗತಿಯಿಂದಲೇ ಬಂದಿತು.

ಯೋಧನಾಗುವ ಶಾಸ್ತ್ರವನ್ನು ಎಲ್ಲರೂ ಬರೆಯುತ್ತಾರೆ. ಯೋಧತನದಿಂದ ಹೊರಬರುವ ಶಾಸ್ತ್ರವನ್ನು ಬರೆಯುವವರು ಕಡಿಮೆ. ಪೂರ್ವ ಆಫ್ರಿಕದ ಮಾಸಾಯಿಗಳಲ್ಲಿ ಮೊರಾನ್ ಎನ್ನುವ ಯೋಧವಯಸ್ಸಿನ ತರುಣರು ಉದ್ದ ಕೂದಲು ಬೆಳೆಸುತ್ತಾರೆ. ಎಉನೊತೊ ಎನ್ನುವ ಶಾಸ್ತ್ರದಲ್ಲಿ ತಾಯಿಯೇ ಮಗನ ಆ ಕೂದಲನ್ನು ಬೋಳಿಸುತ್ತಾಳೆ. ಅಲ್ಲಿಂದ ಅವನು ಹಿರಿಯನಾಗುವ ದಾರಿ ಹಿಡಿಯುತ್ತಾನೆ. ಕೊಡಗಿನಲ್ಲಿ ಭತ್ತದ ನಾಟಿಯ ದಿನಗಳಲ್ಲಿ ಆಯುಧಗಳನ್ನು ಕನ್ನಿಕೋಂಬರೆ ಎಂಬ ಪೂಜೆಯ ಕೋಣೆಯಲ್ಲಿ ಇಟ್ಟುಬಿಡುವ ರೂಢಿ ಇತ್ತು. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಂದು, ಅವನ್ನು ಹೊರತೆಗೆದು ತೋಕ್‌ಪೂ ಎಂಬ ಹೂವಿಟ್ಟು ಪೂಜಿಸುತ್ತಾರೆ. ಬೆಳೆಗೆ ಹಂದಿಯ ಕಾಟ ಶುರುವಾಗುವುದೂ ಆಗಲೇ. ಆಯುಧದ ಹಬ್ಬ ಬೇಸಾಯದ ಪಂಚಾಂಗಕ್ಕೆ ಕಟ್ಟಿಕೊಂಡಿದೆ. ನಿಮ್ಮ ಕುಲದ ಪಂಚಾಂಗ ಬರೆಯುವಾಗಲೂ ಮೊದಲು ಬೆಳೆ, ನೀರು, ಪೊರೆ ಇವನ್ನು ಗುರುತಿಸಿ, ಹಬ್ಬಗಳು ಅವುಗಳ ನಡುವಿನ ಬಿಡುವಿನಲ್ಲಿ ಬಂದು ಕೂರಲಿ.

ಭಾಷೆಯ ವಿಷಯದಲ್ಲಿ ಕನ್ನಡದಲ್ಲಿ ಬರೆಯುವವರು ಸ್ವಲ್ಪ ನಿಲ್ಲಬೇಕು. ಕ್ಲಿಂಗನ್ ಭಾಷೆಯಲ್ಲಿ ಕರ್ಮ ಮೊದಲು, ಆಮೇಲೆ ಕ್ರಿಯಾಪದ, ಕೊನೆಗೆ ಕರ್ತೃ. ಇಂಗ್ಲಿಷ್ ಕಿವಿಗೆ ಅದು ಬೇರೆ ಲೋಕದ ಮಾತು. ಕನ್ನಡದಲ್ಲಿ 'ಅನ್ನ ಉಂಡೆ ನಾನು' ಎಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ, ಕ್ರಿಯಾಪದದ ಕೊನೆಯೇ ಯಾರು ಉಂಡರೆಂದು ಹೇಳಿಬಿಡುತ್ತದೆ. ಪದಗಳ ಸಾಲು ಬದಲಿಸುವ ಉಪಾಯ ನಮ್ಮಲ್ಲಿ ನಡೆಯದು. ನಮಗೆ ಇರುವ ಉಪಕರಣ ಅದಕ್ಕಿಂತ ಚೆನ್ನಾಗಿದೆ. ನಮ್ಮ ವರ್ಣಮಾಲೆ ಧ್ವನಿ ಹುಟ್ಟುವ ಜಾಗದ ಪ್ರಕಾರ ಜೋಡಿಸಿದ ಪಟ್ಟಿ. ಚಿಪ್ಪಿನ ಬಾಯಿಯವರಿಗೆ ತುಟಿ ಇಲ್ಲ. ಹಾಗಾದರೆ ಪ, ಫ, ಬ, ಭ, ಮ ಒಂದೇ ಗೆರೆಯಲ್ಲಿ ಹೋಯಿತು. ವ ಹೋಯಿತು. ತುಟಿ ದುಂಡಗೆ ಮಾಡಬೇಕಾದ ಉ, ಊ, ಒ, ಓ ಹೋದವು. ಉಳಿದದ್ದರಲ್ಲೇ ಎಲ್ಲ ಹೆಸರುಗಳನ್ನೂ ಕಟ್ಟಿ. ಅಚ್ಚಕನ್ನಡದ ಪದ ಣ, ಳಗಳಿಂದ ಶುರುವಾಗುವುದಿಲ್ಲ. ಅವುಗಳಿಂದಲೇ ಶುರು ಮಾಡಿದರೆ, ಕೊನೆಗೆ ಸ್ವರವಿಲ್ಲದೆ ನಿಲ್ಲಿಸಿದರೆ, ಮೊದಲ ಓದಿಗೇ ಪರಕೀಯ ಎನ್ನಿಸುತ್ತದೆ. ಕುಲದ ಹೆಸರು ಣೆರಕ್ ಎಂದಿರಲಿ. ಊರು ಳಿತ್ತಕ್, ಪಟ್ಟಿ ಬಲ್ಲವಳು ಣಾರಿಳ್. ಗಂಟಲು ಕೀಳುವ ಹೆಸರುಗಳನ್ನು, ಖ್ರ, ಝ್ರ ಎಂಬ ಒತ್ತಕ್ಷರದ ರಾಶಿಯನ್ನು ಬಿಡಿ. ಓದುಗ ಆ ಹೆಸರನ್ನು ಮುನ್ನೂರು ಸಲ ಮನಸ್ಸಿನಲ್ಲಿ ಉಚ್ಚರಿಸಬೇಕಾಗುತ್ತದೆ.

ಇನ್ನೊಂದು ಉಪಕರಣ ಪಕ್ಕದ ತುಳುವಿನಲ್ಲಿದೆ. ಕೇಳುವವನನ್ನೂ ಸೇರಿಸಿಕೊಂಡ 'ನಾವು' ಅಲ್ಲಿ ನಮ, ಅವನನ್ನು ಬಿಟ್ಟ 'ನಾವು' ಎಂಕುಳು. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಣೆರಕರಿಗೆ ಎರಡು 'ನಾವು' ಕೊಡಿ. ಹೊಸ ಹುಡುಗನೊಬ್ಬ ಕಾವಲಿನ ತಂಡಕ್ಕೆ ಸೇರಿದ್ದಾನೆ. ತಿಂಗಳುಗಟ್ಟಲೆ ಎಲ್ಲರೂ ಅವನೆದುರು ಹೊರಗಿಡುವ 'ನಾವು' ಬಳಸುತ್ತಾರೆ. ಒಂದು ರಾತ್ರಿ, ಮಳೆಯಲ್ಲಿ, ಯಾರೋ ಕಟ್ಟಿಗೆ ಕೇಳುವಾಗ ಮಾತಿನ ನಡುವೆ ಇನ್ನೊಂದು 'ನಾವು' ಬಂದುಬಿಡುತ್ತದೆ. ಯಾರೂ ಏನೂ ಹೇಳುವುದಿಲ್ಲ. ಅವನ ದೀಕ್ಷೆ ಆಯಿತು. ಕನ್ನಡ ಓದುಗನಿಗೆ ಇದನ್ನು ತಲುಪಿಸಲು ಒಂದು ಪುಟ ಮೊದಲೇ, ಬೇರೆ ಯಾವುದೋ ಸಣ್ಣ ಪ್ರಸಂಗದಲ್ಲಿ, ಎರಡು ಮಾತುಗಳ ವ್ಯತ್ಯಾಸ ತೋರಿಸಿಟ್ಟಿರಬೇಕು. ಅಲ್ಲಿ ಎಡವಿದರೆ ಆ ರಾತ್ರಿಯಲ್ಲಿ ಅಡಿಟಿಪ್ಪಣಿ ಹಾಕಬೇಕಾಗುತ್ತದೆ, ದೃಶ್ಯ ಸತ್ತಿತು.

ಪ್ರತಿಜ್ಞೆಯ ಮಾತುಗಳೂ ಸಣ್ಣದಾಗಿರಲಿ, ದಣಿದವನು ಹೇಳುವಷ್ಟು. ಕಾವಲಿಗೆ ಕೂರುವವನು 'ನಿನ್ನ ನೀರು ನನ್ನ ಕಣ್ಣು' ಎನ್ನುತ್ತಾನೆ ಎಂದಿರಲಿ. ಅದನ್ನು ಕಾಲಕ್ಕೆ ಒಡ್ಡಿ. ಮುನ್ನೂರು ವರ್ಷ ಹೇಳಿ ಹೇಳಿ ಸವೆದು ಪೇಟೆಯಲ್ಲಿ ಬರಿ 'ಕಣ್ಣು' ಎನ್ನುವುದೇ ನಮಸ್ಕಾರ ಆಗಿರುತ್ತದೆ. ಸುಣ್ಣ ಮಾರುವವನು ಗಿರಾಕಿಗೆ ಅದನ್ನೇ ಹೇಳುತ್ತಾನೆ. ಮಕ್ಕಳು ಒಬ್ಬನನ್ನು ನಡುವೆ ಕೂರಿಸಿ ಸುತ್ತ ಕೈಹಿಡಿದು ಆಡುವ ಆಟದಲ್ಲೂ ಆ ಮಾತೇ ಕೂಗು. ನಮ್ಮ ಆಯುಧಪೂಜೆ ಕತ್ತಿಯಿಂದ ಲೇತ್ ಯಂತ್ರಕ್ಕೆ, ಆಟೋಗೆ, ಆಫೀಸಿನ ಕಂಪ್ಯೂಟರಿಗೆ ಬಂದಿದೆ. ಕುಂಬಳಕಾಯಿ ಮಾತ್ರ ಹಾಗೇ ಉಳಿದಿದೆ. ನಿಮ್ಮ ಆಚರಣೆಯಲ್ಲಿ ಯಾವುದು ಸಾಗಿ ಹೋಗುತ್ತದೆ, ಯಾವುದು ಕುಂಬಳಕಾಯಿಯ ಹಾಗೆ ಉಳಿಯುತ್ತದೆ ಎಂದು ತೀರ್ಮಾನಿಸಿಕೊಳ್ಳಿ. ಯೋಧರ ನೀತಿಸಂಹಿತೆಗಳನ್ನೂ ಹೀಗೇ ನೋಡಬೇಕು. ಸಮುರಾಯಿಗಳ ನಡತೆಯ ಕುರಿತ ಬರಹಗಳು ಹೆಚ್ಚಾಗಿ ಬಂದದ್ದು ಕಾಳಗಗಳ ಕಾಲ ಮುಗಿದ ಮೇಲೆ, ಎದೊ ಕಾಲದ ಶಾಂತಿಯಲ್ಲಿ. ಕಾದುವವರಿಗೆ ಬರೆಯಲು ಹೊತ್ತಿರಲಿಲ್ಲ, ಕಾದುವ ಕೆಲಸ ತಪ್ಪಿದವರಿಗೆ ತಾವು ಯಾರು ಎಂದು ಹೇಳಿಕೊಳ್ಳಬೇಕಾಗಿತ್ತು. ಣೆರಕರ ಪವಿತ್ರ ಗ್ರಂಥವೂ ಯುದ್ಧವಿಲ್ಲದ ಶತಮಾನದಲ್ಲಿ ಬರೆದದ್ದಾಗಿದ್ದರೆ, ಅದರಲ್ಲಿ ಹೇಳಿದ ಹಳೆಯ ದಿನಗಳು ಇದ್ದಂತೆ ಇರುವುದಿಲ್ಲ. ಅದನ್ನು ಬಲ್ಲ ಒಬ್ಬ ಮುದುಕಿ ಕಥೆಯಲ್ಲಿ ಇರಲಿ.

ಕೊನೆಗೆ ಪುಟದ ಮೇಲೆ ಎಷ್ಟು ಬರಬೇಕು ಎನ್ನುವ ಪ್ರಶ್ನೆ. ಇಷ್ಟೆಲ್ಲ ಕಟ್ಟಿದವರಿಗೆ ಎಲ್ಲವನ್ನೂ ಹೇಳುವ ಆಸೆ. 'ಣೆರಕರು ಆರು ವರ್ಷಕ್ಕೊಮ್ಮೆ ಪೊರೆ ಕಳಚುತ್ತಾರೆ, ಆಗ ಅವರಿಗೆ ಕಾವಲು ಬೇಕಾಗುತ್ತದೆ, ಕಾದವನಿಗೆ ಚಿಪ್ಪಿನ ತುಂಡು ಕೊಡುವುದು ಅವರ ಪುರಾತನ ಸಂಪ್ರದಾಯ' ಎಂದು ಬರೆದರೆ ಅದು ಪಠ್ಯಪುಸ್ತಕ. ಅದರ ಬದಲು ಹೀಗೆ ನೋಡಿ:

ಕದ ತೆರೆದವಳು ಬಂದವನ ಮುಖ ನೋಡಲಿಲ್ಲ, ಹೆಗಲು ನೋಡಿದಳು. ನಾಲ್ಕು ಕಡೆ ತೆಳು. ಐದನೆಯದು ಇನ್ನೂ ಬಿಳಿಚಿಕೊಂಡಿತ್ತು. 'ಒಳಗೆ ಬನ್ನಿ ಅಣ್ಣ,' ಅಂದಳು, 'ಸುಣ್ಣಕ್ಕೆ ದುಡ್ಡು ಬೇಡ.'

ಇಪ್ಪತ್ತು ಪದ ತುಂಬುವಷ್ಟರಲ್ಲಿ ಅವನು ಎಂಥವನು ಎಂದು ಗೊತ್ತಾಯಿತು, ಅವಳು ಯಾವ ಪಂಗಡದವಳು ಎಂದು ಗೊತ್ತಾಯಿತು, ಆ ಊರು ಯಾವುದಕ್ಕೆ ಬೆಲೆ ಕೊಡುತ್ತದೆ ಎನ್ನುವುದೂ ಗೊತ್ತಾಯಿತು. ತೆಳು ಎಂದರೇನು ಎನ್ನುವುದು ಓದುಗನಿಗೆ ಇನ್ನೂ ಗೊತ್ತಿಲ್ಲ. ಅದು ಗೊತ್ತಾಗುವುದಕ್ಕೆ ಅವನು ಮಡುವಿನವರೆಗೆ ನಿಮ್ಮ ಜೊತೆ ಬರುತ್ತಾನೆ.